ದಾರ ಕಟ್ಟಿದ ತುದಿ

ಗುದ್ದಲಿ ಬೇರಿಗೆ ಬಡಿದು ನಿಂತಿತು. ಗುಣಿ ತೋಡುವವನು ಗೊಣಗುತ್ತ ಕೊಡಲಿ ಕೇಳಿದ. ಕಡಿದ ಬೇರು ಮೇಲೆ ಬಂದು ಬಿದ್ದಾಗ ನಿವೃತ್ತ ಪ್ರೊಫೆಸರರು ಅಭ್ಯಾಸಬಲದಿಂದ ಅದರ ಕೊಯ್ದ ಮುಖವನ್ನೇ ನೋಡಿದರು. ಆಮೇಲೆ ನಾಚಿಕೆಯಾಯಿತು.

ಪಕ್ಕದಲ್ಲಿ ಬಿಳಿ ಬಟ್ಟೆಯಡಿ ಮಲಗಿದ್ದವನು ಅವರ ಪ್ರಯೋಗಾಲಯದ ಸಹಾಯಕ. ಕ್ಷೌರದ ಬ್ಲೇಡಿನಲ್ಲಿ ಬೇರನ್ನು ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ಯುತ್ತಿದ್ದ. ವಿದ್ಯಾರ್ಥಿಗಳು ಬ್ಲೇಡಣ್ಣ ಎನ್ನುತ್ತಿದ್ದರು, ಆದರೆ ಮಾತಿನಲ್ಲಿ ಯಾರಿಗೂ ಬ್ಲೇಡ್ ಹಾಕಿ ಕೊರೆದವನಲ್ಲ.

"ಮನೇಲೂ ಮೂಲಂಗಿ ಕೊಯ್ದು ಬೆಳಕಿಗೆ ಹಿಡಿದು ನೋಡ್ತಿದ್ರು," ಎಂದಳು ಅವನ ಮಗಳು. "ಅಡುಗೆಗೆ ಹೆಚ್ಚಿ ಅಂದ್ರೆ ಪರೀಕ್ಷೆಗೆ ಹೆಚ್ತೀರಲ್ಲ ಅಂತ ಅಮ್ಮ ಬೈಯೋಳು."

ನೆರೆದವರು ನಕ್ಕರು. ಅವಳು ದನಿ ತಗ್ಗಿಸಿದಳು. "ಸರ್, ಅಪ್ಪ ಅಷ್ಟು ದೊಡ್ಡ ಎಡವಟ್ಟು ಮಾಡಿದ್ರೂ ನೀವು ಕೆಲಸ ಉಳಿಸಿಕೊಟ್ರಿ. ನಿಮ್ಮ ಉಪಕಾರ ಮರೆಯೋಕಾಗಲ್ಲ."

ಪ್ರೊಫೆಸರರು ಮತ್ತೆ ಆ ಬೇರಿನತ್ತ ಕಣ್ಣು ಹೊರಳಿಸಿದರು.

*

ಬೇರು ಬೆಳೆಯುವುದು ತುದಿಯಲ್ಲಿ. ಅಲ್ಲಿ ಎಳೆಯ ಕೋಶಗಳು. ಮೇಲೆ ಹೋದಂತೆ ಒಳಗೆ ನೀರು ಒಯ್ಯುವ ನಾಳಗಳು ಬಲಿಯುತ್ತವೆ. ಕೊಯ್ಯುವಾಗ ತುಂಡು ತಿರುಗುಮುರುಗಾದರೆ ಎಲ್ಲವೂ ತಲೆಕೆಳಗು. ಅದಕ್ಕೇ ಬ್ಲೇಡಣ್ಣ ಪ್ರತಿ ತುಂಡಿನ ತುದಿಯ ಕಡೆಗೆ ಕೆಂಪು ದಾರ ಕಟ್ಟುತ್ತಿದ್ದ.

ಫೋಟೊ ಚೆನ್ನಾಗಿ ಬರಲೆಂದು ಪ್ರೊಫೆಸರರೇ ಒಮ್ಮೆ ದಾರಗಳನ್ನು ಬಿಚ್ಚಿದರು, ಅವಸರದಲ್ಲಿ ಮತ್ತೆ ಕಟ್ಟಿದರು.

"ಸರ್, ಆ ಕಡೆ ಅಲ್ಲ," ಎಂದ ಬ್ಲೇಡಣ್ಣ.

"ನಿನಗಿಂತ ನನಗೆ ಗೊತ್ತಯ್ಯಾ."

ತುದಿ ಬುಡ ಅದಲುಬದಲಾಗಿ, ಎರಡು ವರ್ಷದ ಕೆಲಸ ತಜ್ಞರ ಮುಂದೆ ನಗೆಪಾಟಲಾಯಿತು.

"ದಾರ ಕಟ್ಟೋದು ಯಾರ ಕೆಲಸ?" ಪ್ರಿನ್ಸಿಪಾಲರು ಕೇಳಿದರು.

"ಸಹಾಯಕನದು," ಎಂದರು ಪ್ರೊಫೆಸರರು. ಮಾತೇನೋ ನಿಜವೇ.

ಬಾಗಿಲ ಬಳಿ ನಿಂತಿದ್ದ ಬ್ಲೇಡಣ್ಣ ಒಮ್ಮೆ ಅವರ ಮುಖ ನೋಡಿದ, ಅಷ್ಟೇ. ಪ್ರೊಫೆಸರರ ಶಿಫಾರಸಿನಿಂದ ಕೆಲಸವೇನೋ ಉಳಿಯಿತು; ಆಮೇಲೆ ಹನ್ನೊಂದು ವರ್ಷ ಹಿಂದಿನ ಕೋಣೆಯಲ್ಲಿ ಸೀಸೆ ತೊಳೆದ.

*

"ಸರ್, ನೀವೂ ಹಾಕಿ," ಎಂದರು ಯಾರೋ.

ಪ್ರೊಫೆಸರರು ಹಿಡಿ ಮಣ್ಣು ತೆಗೆದುಕೊಂಡು ಗುಣಿಯ ಅಂಚಿಗೆ ಹೋದರು. ಹಾಕಲಾಗಲಿಲ್ಲ. ಮಗಳತ್ತ ತಿರುಗಿದರು.

"ಎಡವಟ್ಟು ನಿಮ್ಮಪ್ಪಂದಲ್ಲಮ್ಮ, ನಂದು. ದಾರ ತಪ್ಪು ಕಡೆ ಕಟ್ಟಿದ್ದು ನಾನು. ಅವನ ಮೇಲೆ ಹಾಕಿ ಸುಮ್ಮನಾದೆ."

ಅವಳು ಗುಣಿಯೊಳಗೆ ನೋಡಿದಳು.

"ಅಪ್ಪನಿಗೆ ಗೊತ್ತಿತ್ತಾ?"

"ಗೊತ್ತಿತ್ತು. ಆವತ್ತೇ ಹೇಳಿದ್ದ."

"ಒಂದು ದಾರ ನೆಟ್ಟಗೆ ಕಟ್ಟೋಕೆ ಬರಲ್ವಲ್ಲ ಅಂತ ನಾನೇ ಎಷ್ಟು ಸಲ ಆಡಿಕೊಂಡಿದೀನಿ, ಸರ್. ನಗ್ತಿದ್ರು."

ಅವಳು ಅವರ ಮುಷ್ಟಿ ಹಿಡಿದು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಮಣ್ಣನ್ನಷ್ಟೂ ತನ್ನ ಅಂಗೈಗೆ ಸುರಿದುಕೊಂಡು, ಗುಣಿಗೆ ತಾನೇ ಹಾಕಿದಳು.