ಅರ್ಧ ಗಂಟೆಯ ಚಿಕ್ಕಮ್ಮ

ನನಗೊಂದು ಸಣ್ಣ ಚಿಂತೆಯಿತ್ತು. ಯಾರ ಮುಂದೂ ಹೇಳುವಂಥದ್ದಲ್ಲ. ನನಗೆ ನಾನೇ ಹೇಳಿಕೊಂಡರೂ ಕಿವಿ ಬಿಸಿಯಾಗುತ್ತಿತ್ತು. ಅಕ್ಕ ಭಾವನ ವ್ಯಾಜ್ಯ ಚೆನ್ನಾಗಿ ಬಗೆಹರಿದುಬಿಟ್ಟರೆ ನನ್ನ ಗತಿಯೇನು?

ಅವರಿಬ್ಬರೂ ಮತ್ತೆ ಒಂದಾಗುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗಿಂತ ಮೊದಲು ಅವರಿಗೇ ಗೊತ್ತಿತ್ತು. ಮಂಚ, ಬೀರು, ಪಾತ್ರೆ ಹಂಚಿಕೊಂಡಾಗಿತ್ತು. ಹಂಚಲಾಗದೆ ಉಳಿದದ್ದು ಬಟಾಣಿ, ಅವರ ಏಳು ವರ್ಷದ ಮಗಳು. ಹುಟ್ಟಿದಾಗ ಅಷ್ಟು ಗುಂಡಗಿದ್ದಳೆಂದು ಭಾವ ಹಾಗೆ ಕರೆದದ್ದು. ಬೇರೆ ಹೆಸರೊಂದು ಶಾಲೆಯ ಹಾಜರಿಯಲ್ಲಿ ಇದೆಯಾದರೂ ಅದಕ್ಕೆ ಅವಳೇ ಒಮ್ಮೊಮ್ಮೆ ಓಗೊಡುವುದಿಲ್ಲ. ಕೊನೆಯ ತೀರ್ಮಾನವಾಗುವವರೆಗೆ ಇರಲಿ ಎಂದು ಕುಟುಂಬ ನ್ಯಾಯಾಲಯ ಒಂದು ತಾತ್ಕಾಲಿಕ ವ್ಯವಸ್ಥೆ ಮಾಡಿತ್ತು: ವಾರವೆಲ್ಲ ಅಮ್ಮನ ಹತ್ತಿರ, ಶುಕ್ರವಾರ ಸಂಜೆಯಿಂದ ಭಾನುವಾರ ಸಂಜೆಯವರೆಗೆ ಅಪ್ಪನ ಹತ್ತಿರ. ಎದುರಾದರೆ ಸಾಕು, ಇಬ್ಬರಿಗೂ ಬೀದಿಯಲ್ಲೇ ಮಾತಿಗೆ ಮಾತು ಬೆಳೆಯುತ್ತಿತ್ತು. ಹಾಗಾಗಿ ಮಗುವನ್ನು ಬಿಡುವುದು, ಕರೆದೊಯ್ಯುವುದು ಎರಡೂ ನನ್ನಲ್ಲಿ. ಒಬ್ಬರು ಐದಕ್ಕೆ ಬಿಟ್ಟು ಹೋಗಬೇಕು, ಇನ್ನೊಬ್ಬರು ಐದೂವರೆಗೆ ಬರಬೇಕು. ನಡುವಿನ ಅರ್ಧ ಗಂಟೆ ನನ್ನದು.

ನಾನಿರುವುದು ಒಂದು ಲಾಂಡ್ರಿಯಲ್ಲಿ. ಮೇಲಿನ ಕೋಣೆ ಬಾಡಿಗೆಗೆ, ಕೆಳಗೆ ಕೌಂಟರಿನಲ್ಲಿ ಕೆಲಸ. ಡಿಗ್ರಿ ಮುಗಿಸಿ ಎರಡು ಕಡೆ ಸಂದರ್ಶನಕ್ಕೆ ಹೋಗಿದ್ದೆ. ಎರಡು ಕಡೆಯೂ "ನಿಮ್ಮ ಬಗ್ಗೆ ಹೇಳಿ" ಎಂದರು. ನಾನು ಹೇಳಲಿಲ್ಲ. ಬಟ್ಟೆಗಳು ಹಾಗೆಲ್ಲ ಕೇಳುವುದಿಲ್ಲ. ಬಂದ ಬಟ್ಟೆಗೆ ನಂಬರಿನ ಚೀಟಿ ಪಿನ್ ಮಾಡಬೇಕು, ಜೇಬು ತಡವಿ ನೋಡಬೇಕು, ಕಿತ್ತುಹೋದ ಗುಂಡಿ ಹೊಲಿದು ಕೊಡಬೇಕು. "ಗುಂಡಿ ಹೊಲೀತಾ ಹೊಲೀತಾ ಬಾಯಿಗೂ ನಾಲ್ಕು ಹೊಲಿಗೆ ಹಾಕ್ಕೊಂಡಿದೀಯೇನೇ?" ಎನ್ನುತ್ತಾರೆ ಮಾಲೀಕಮ್ಮ. ಅವರು ಇಡೀ ಬೀದಿಯ ಮಾತನ್ನು ಒಬ್ಬರೇ ಆಡಿ ಮುಗಿಸುವುದರಿಂದ ನನ್ನ ಪಾಲಿನದೂ ಅದರಲ್ಲೇ ಸಂದಾಯವಾಗಿಬಿಡುತ್ತದೆ.

ನನ್ನನ್ನು ಆರಿಸಿದ್ದಕ್ಕೆ ಕಾರಣವೂ ಇದೇ. "ಆ ಹುಡುಗಿ ಯಾರ ಪರವೂ ಮಾತಾಡಲ್ಲ" ಎಂದರಂತೆ ಅಕ್ಕನ ವಕೀಲರು. "ಆ ಹುಡುಗಿ ಮಾತೇ ಆಡಲ್ಲ" ಎಂದು ಭಾವನ ವಕೀಲರು ತಿದ್ದಿದರಂತೆ.

ಭಾನುವಾರ ಲಾಂಡ್ರಿಗೆ ರಜೆ. ಅರ್ಧ ಇಳಿಸಿದ ಶಟರಿನ ಕೆಳಗಿಂದ ಬಟಾಣಿ ಬಗ್ಗಿ ಒಳಬರುತ್ತಿದ್ದಳು. ತಣ್ಣಗಾದ ಇಸ್ತ್ರಿ ಮೇಜಿನ ಮೇಲೆ ಹತ್ತಿ ಕೂತು ಗುಂಡಿಗಳ ಡಬ್ಬಿಯನ್ನು ಸುರುವಿಕೊಳ್ಳುತ್ತಿದ್ದಳು. ದೊಡ್ಡವೆಲ್ಲ ಕೋಟಿನ ಮನೆಯವರು, ಸಣ್ಣವು ಅಂಗಿ ಮನೆಯವರು, ಎಲ್ಲಿಯದೆಂದು ತಿಳಿಯದ ಒಂದು ಹಸಿರು ಗುಂಡಿ ಎಲ್ಲರ ಮನೆಗೂ ಹೋಗಿ ಬರುವ ನೆಂಟ.

"ಚಿಕ್ಕಮ್ಮ, ನೀನ್ಯಾಕೆ ಮದುವೆ ಆಗಿಲ್ಲ?"

"ಯಾರೂ ಕೇಳಿಲ್ಲ."

"ಕೇಳಿದ್ರೂ ನೀನು ಉತ್ತರ ಕೊಡಲ್ಲ ಬಿಡು."

ವಾರದಲ್ಲಿ ನಾನು ಜೋರಾಗಿ ನಗುತ್ತಿದ್ದುದು ಆ ಹೊತ್ತಿನಲ್ಲಿ ಮಾತ್ರ.

ಆದರೆ ಆ ಅರ್ಧ ಗಂಟೆಯ ಎರಡು ತುದಿಯಲ್ಲೂ ಹೊಟ್ಟೆನೋವು ಕಾದು ಕೂತಿರುತ್ತಿತ್ತು. ಭಾನುವಾರ ಬಿಟ್ಟುಹೋಗಲು ಬಂದ ಭಾವ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಮಗಳನ್ನು ಅಪ್ಪಿಕೊಳ್ಳುತ್ತಿದ್ದ. "ಅಪ್ಪನ್ನ ಮರೀಬೇಡ, ಆಯ್ತಾ ಕಂದ?" ಎಂದು ಎದ್ದು, ಬೀದಿಯ ತಿರುವಿನವರೆಗೆ ಹೋಗಿ, ತಡೆಯಲಾರದೆ ಇನ್ನೊಂದು ಮುತ್ತಿಗೆ ಹಿಂದಿರುಗುತ್ತಿದ್ದ. ಶುಕ್ರವಾರ ಅಕ್ಕನ ಸರದಿ. "ರಾತ್ರಿ ಭಯ ಆದ್ರೆ ಫೋನ್ ಮಾಡು ಬಂಗಾರ, ಓಡಿ ಬರ್ತೀನಿ." ಹೇಳುವಾಗಲೇ ಅವಳ ಕಣ್ಣಲ್ಲಿ ನೀರು. ಬಟಾಣಿ ಹೊಟ್ಟೆ ಹಿಡಿದು ಬಗ್ಗುತ್ತಿದ್ದಳು. ಅವರು ಮರೆಯಾದ ಮೇಲೆ ನೋವೂ ಹೋಗಿರುತ್ತಿತ್ತು. ಇನ್ನೊಬ್ಬರ ಚಪ್ಪಲಿಯ ಸದ್ದು ಕೇಳಿದೊಡನೆ ಮತ್ತೆ ಬರುತ್ತಿತ್ತು.

ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಏನೂ ಇಲ್ಲ ಎಂದರು. ಇದ್ದದ್ದೆಲ್ಲ ವಕೀಲರಿಗೆ ಸಿಕ್ಕಿತು.

"ಬೇಕರೀಲಿ ಸಿಕ್ಕಿದ್ದೆಲ್ಲ ತಿನ್ನಿಸಿ ಕಳಿಸ್ತಾನೆ ಕಣೇ," ಎಂದಳು ಅಕ್ಕ. ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವಳು, ಕೂದಲೆಳೆಯಷ್ಟು ಆಚೀಚೆಯಾದರೂ ಒಪ್ಪುವವಳಲ್ಲ. "ಇನ್ಮೇಲೆ ರಾತ್ರಿ ಅಲ್ಲಿ ಮಲಗೋದು ಬೇಡ, ಹಗಲು ನೋಡ್ಕೊಂಡು ಹೋಗ್ಲಿ ಅಂತ ಅರ್ಜಿ ಹಾಕ್ಸಿದೀನಿ."

ಭಾವನೂ ಹಾಕಿಸಿದ್ದ. "ಆ ಮನೆಗೆ ಹೋಗ್ಬೇಕು ಅಂದ ತಕ್ಷಣ ನೋವು ಬರುತ್ತೆ ಅಂದ್ರೆ ಏನಮ್ಮ ಅರ್ಥ? ಮಗು ನನ್ನ ಹತ್ರಾನೇ ಇರ್ಲಿ." ಬೇಕರಿಯ ಒಲೆಯ ಮುಂದೆ ಕೆಲಸ ಮಾಡುವ ಅವನ ಮೊಣಕೈಯಲ್ಲಿ ಆಗಲೂ ಹಿಟ್ಟು ಅಂಟಿತ್ತು.

ಒಂದೇ ಹೊಟ್ಟೆನೋವು, ಎರಡು ಅರ್ಜಿ. ನ್ಯಾಯಾಧೀಶರು ಯಾವುದನ್ನು ನಂಬಿದರೂ ಬಟಾಣಿಗೆ ಒಂದು ಮನೆಯ ರಾತ್ರಿಗಳು ತಪ್ಪಿಹೋಗುತ್ತಿದ್ದವು.

ಒಂದು ಭಾನುವಾರ ನಾನು ಮೆಲ್ಲಗೆ ಕೇಳಿದೆ, "ಈಗ ನೋವಿಲ್ವಾ?"

"ಇಲ್ಲ." ಅವಳು ಹಸಿರು ಗುಂಡಿಯನ್ನು ಕೋಟಿನ ಮನೆಗೆ ಕಳಿಸಿದಳು. "ಅಪ್ಪ ಹೋಗ್ವಾಗ ನಾನು ಬೇಜಾರಾಗಿರ್ಬೇಕು. ಅಮ್ಮ ಬಂದಾಗ ಖುಷಿಯಾಗಿರ್ಬೇಕು. ಅಷ್ಟು ಬೇಗ ಬೇಗ ಆಗಲ್ಲ ಚಿಕ್ಕಮ್ಮ. ಹೊಟ್ಟೆ ನೋವು ಬಂದ್ರೆ ಇಬ್ರೂ ಒಂದೇ ತರ ಮುಖ ಮಾಡ್ತಾರೆ."

"ನಿಜವಾಗ್ಲೂ ಬರುತ್ತಾ?"

"ಮತ್ತೆ? ಸುಳ್ಳು ಸುಳ್ಳೇ ಯಾರಿಗೆ ಬರುತ್ತೆ?" ಎಂದು ನನ್ನನ್ನೇ ಗದರಿದಳು.

ಅದರ ಮುಂದಿನ ಭಾನುವಾರ ಅಕ್ಕನಿಗೆ ಜ್ವರ. ಮಗುವಿಗೂ ಅಂಟೀತೆಂಬ ಹೆದರಿಕೆಯಿಂದ ಅವಳೇ ಭಾವನಿಗೆ ಸುದ್ದಿ ಕಳಿಸಿದಳು: ಈ ರಾತ್ರಿ ಅಲ್ಲೇ ಇರಲಿ, ನಾಳೆ ನೇರ ಶಾಲೆಗೆ ಬಿಡಿ. ಇದನ್ನು ನನಗೆ ಹೇಳಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ನಾನು ಶಟರ್ ಅರ್ಧ ಎತ್ತಿ, ಇಸ್ತ್ರಿ ಮೇಜು ಒರೆಸಿ, ಡಬ್ಬಿ ಇಟ್ಟುಕೊಂಡು ಕಾದೆ. ಕತ್ತಲಾಗುವಾಗ ಅಕ್ಕನ ಫೋನ್ ಬಂತು. "ಅಯ್ಯೋ, ನಿನ್ನ ಮರ್ತೇಬಿಟ್ಟೆ ಕಣೇ" ಎಂದಳು. ಪರವಾಗಿಲ್ಲ ಎಂದೆ. ಹಸಿರು ಗುಂಡಿಯನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದೆ.

ಸೋಮವಾರ ಮಧ್ಯಾಹ್ನಕ್ಕೆ ಜ್ವರ ಬಿಟ್ಟಿತ್ತಾದರೂ ಕಾಲಲ್ಲಿ ತ್ರಾಣವಿಲ್ಲವೆಂದು ಅಕ್ಕ ನನ್ನನ್ನೂ ಶಾಲೆಗೆ ಕರೆದಳು. ಗೇಟಿನ ಹತ್ತಿರ ನಿಂತು, ಈಗ ಹೊಟ್ಟೆ ಹಿಡಿದು ಬರುತ್ತಾಳೆ, ಈಗ ಬರುತ್ತಾಳೆ ಎಂದು ನೋಡುತ್ತಿದ್ದೆ. ಗಂಟೆ ಹೊಡೆಯಿತು. ಬಟಾಣಿ ಚೀಲವನ್ನು ನೆಲಕ್ಕೆ ತಾಗಿಸಿಕೊಂಡು, ಗೆಳತಿಯ ಕೂಡ ಯಾವುದೋ ವಾದ ಮಾಡುತ್ತ ಬಂದವಳು ಅಕ್ಕನ ಸೊಂಟಕ್ಕೆ ಡಿಕ್ಕಿ ಹೊಡೆದಳು.

"ಅಮ್ಮಾ, ಹಸಿವು. ಭಾರೀ ಹಸಿವು."

ಅಕ್ಕ ಅವಳ ಹಣೆ ಮುಟ್ಟಿ ನೋಡಿದಳು. "ಹೊಟ್ಟೆ ನೋಯ್ತಿಲ್ವಾ?"

"ಹಸಿವು ಅಂದ್ನಲ್ಲ."

ಅಂದಿನಿಂದ ನನ್ನ ಚಿಂತೆ ಶುರುವಾಯಿತು. ಬೆಳಿಗ್ಗೆ ಒಬ್ಬರು ಬಿಟ್ಟರೆ, ಮಧ್ಯಾಹ್ನ ಇನ್ನೊಬ್ಬರು ಕರೆದೊಯ್ದರೆ, ನಡುವೆ ಲೆಕ್ಕ, ಪಾಠ, ಆಟ, ಗೆಳತಿಯ ಜಗಳ. ಒಂದು ಮುಖ ಕಳಚಿ ಇನ್ನೊಂದು ಮುಖ ಹಾಕಿಕೊಳ್ಳುವಷ್ಟು ಹೊತ್ತು. ಅಲ್ಲ, ಮುಖವೇ ಬೇಕಿಲ್ಲದಷ್ಟು ಹೊತ್ತು. ಔಷಧ ನನ್ನ ಕಣ್ಣೆದುರೇ ಇತ್ತು. ಆ ಔಷಧದಲ್ಲಿ ನಾನು ಮಾತ್ರ ಇರಲಿಲ್ಲ. ಚೀಟಿ ಪಿನ್ ಮಾಡುವಾಗೆಲ್ಲ ಅದೇ ಯೋಚನೆ. ಬೆರಳಿಗೆ ಚುಚ್ಚಿಕೊಂಡೆ, ಯಾರದೋ ಪ್ಯಾಂಟಿಗೆ ಇನ್ಯಾರದೋ ನಂಬರು ಹೋಯಿತು. "ಯಾರೇ ಅದು ನಿನ್ನ ತಲೇಲಿರೋನು?" ಎಂದರು ಮಾಲೀಕಮ್ಮ. "ಏಳು ವರ್ಷದೋಳು" ಎನ್ನಬೇಕೆಂದುಕೊಂಡವಳು ಪ್ಯಾಂಟಿನ ಚೀಟಿ ಬಿಚ್ಚಿ ಸರಿಯಾದದ್ದನ್ನು ಚುಚ್ಚಿದೆ.

ಅದೇ ವಾರ ಕುಟುಂಬ ನ್ಯಾಯಾಲಯದ ಕೌನ್ಸೆಲರ್ ಅಕ್ಕ ಭಾವನ ಜೊತೆ ನನ್ನನ್ನೂ ಕರೆಸಿದರು. ನ್ಯಾಯಾಧೀಶರು ಎರಡೂ ಅರ್ಜಿಗಳನ್ನು ಓದುವ ಮೊದಲು ಇವರು ಎಲ್ಲರನ್ನೂ ಕೇಳಿ ವರದಿ ಕೊಡಬೇಕಂತೆ. ಉದ್ದನೆಯ ಕೋಣೆ, ಉದ್ದನೆಯ ಮೇಜು, ಮೂಲೆಯಲ್ಲಿ ಒಂದು ಗಾಲಿ ಕಳೆದುಕೊಂಡ ಆಟದ ರೈಲು, ಪಕ್ಕದಲ್ಲಿ ಪುಟ್ಟ ಕೆಂಪು ಕುರ್ಚಿ. ಹಿಂದಿನ ದಿನ ಬಟಾಣಿ ಅದರಲ್ಲಿ ಕೂತು ಇವರ ಜೊತೆ ಒಬ್ಬಳೇ ಮಾತಾಡಿ ಹೋಗಿದ್ದಳು. ಕೌನ್ಸೆಲರ್ ನಡುವಯಸ್ಸಿನ ಹೆಂಗಸು. ನೆಗಡಿಯಾಗಿ ಮೂಗು ಕಟ್ಟಿತ್ತು, ಕರವಸ್ತ್ರ ಕೈಯಲ್ಲೇ ಇತ್ತು.

"ಇಬ್ಬರ ವಕೀಲರೂ ಹೊಟ್ಟೆ ಬಗ್ಗೆ ಬಹಳ ಚೆನ್ನಾಗಿ ಬರ್ದಿದಾರೆ. ಡಾಕ್ಟರ್ ಆಗ್ಬೇಕಿತ್ತು," ಎಂದು ಕಾಗದಗಳನ್ನು ಪಕ್ಕಕ್ಕೆ ಸರಿಸಿ ನನ್ನ ಕಡೆ ತಿರುಗಿದರು. "ನೀವು ಹೇಳಿಮ್ಮ. ಮಗು ಕೈ ಬದಲಾಗೋದು ನಿಮ್ಮ ಹತ್ರ ತಾನೆ? ನೋವು ಬರೋದು ಅಪ್ಪನ ಹತ್ರ ಹೋಗ್ವಾಗಲೋ, ಅಮ್ಮನ ಹತ್ರ ಬರ್ವಾಗಲೋ?"

ಮೂವರೂ ನನ್ನನ್ನೇ ನೋಡಿದರು. ನಾನು ರೈಲನ್ನು ನೋಡಿದೆ.

"ಅವಳು ಮಾತಾಡಲ್ಲ ಮೇಡಂ," ಎಂದಳು ಅಕ್ಕ. "ಚಿಕ್ಕಂದಿನಿಂದ್ಲೂ ಹಾಗೇ."

"ಹೌದು ಮೇಡಂ, ನಮ್ಮ ನಾದಿನಿ ಸ್ವಲ್ಪ ಸಂಕೋಚ," ಎಂದ ಭಾವ.

"ನೋಡಿ, ಇಬ್ಬರೂ ಒಪ್ಪಿದ ಮೊದಲ್ನೇ ವಿಷಯ," ಎಂದರು ಕೌನ್ಸೆಲರ್, ಮೂಗೊರೆಸಿಕೊಂಡು. "ನಮಗೇನೂ ಅವಸರ ಇಲ್ಲ."

"ಎರಡೂ ಸಲ," ಎಂದೆ. ನನ್ನ ದನಿ ಬೇರೆ ಯಾರದೋ ಎಂಬಂತೆ ಕೇಳಿಸಿತು. "ಹೋಗ್ವಾಗ್ಲೂ, ಬರ್ವಾಗ್ಲೂ."

ಅಕ್ಕ ಕುರ್ಚಿಯಲ್ಲಿ ಸರಿದಳು. ಭಾವ ಅವಳನ್ನು ನೋಡಿದ. ಇಬ್ಬರೂ ತಂತಮ್ಮ ಅರ್ಧವನ್ನು ಮಾತ್ರ ಕಂಡಿದ್ದರು.

"ಯಾವತ್ತಾದ್ರೂ ಬರದೇ ಇದ್ದದ್ದುಂಟಾ?"

"ಅಕ್ಕನಿಗೆ ಜ್ವರ ಬಂದಾಗ. ಆ ಸೋಮವಾರ."

"ಆವತ್ತು ಏನು ಬೇರೆ ಇತ್ತು?"

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಅಲ್ಲಿಂದ ತಳ್ಳುವುದು ಒಂದು ಬೀರುವನ್ನು ಮೆಟ್ಟಿಲಿಳಿಸಿದಷ್ಟು ಕಷ್ಟವಾಯಿತು. "ನಡುವೆ ನಾನಿರ್ಲಿಲ್ಲ," ಎಂದೆ.

ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಅಕ್ಕ ನಿಧಾನವಾಗಿ, "ಅವತ್ತು ಇವರು ಬೆಳಿಗ್ಗೆ ಸ್ಕೂಲಿಗೆ ಬಿಟ್ಟಿದ್ರು, ನಾನು ಅಲ್ಲಿಂದ್ಲೇ ಕರ್ಕೊಂಡು ಬಂದೆ. ಹಸಿವು ಅಂದ್ಲು ಮೇಡಂ," ಎಂದಳು. "ಬರೀ ಹಸಿವು."

ಭಾವ ಅಂಗೈ ನೋಡಿಕೊಂಡ. "ಬೆಳಿಗ್ಗೆ ನಾನು ಗೇಟಲ್ಲಿ ನಿಂತೇ ಇದ್ದೆ. ಯಾವಳೋ ಗೆಳತಿ ಕಂಡ್ಲು, ಓಡೇಬಿಟ್ಲು. ತಿರುಗಿ ಕೂಡ ನೋಡ್ಲಿಲ್ಲ. ಆವತ್ತೆಲ್ಲ ನಂಗೆ ಒಂಥರಾ ಆಗಿತ್ತು."

"ತಿರುಗಿ ನೋಡ್ಲಿಲ್ಲ ಅಂದ್ರೆ ನೀವೆಲ್ಲೂ ಹೋಗಲ್ಲ ಅಂತ ಅವಳಿಗೆ ಗೊತ್ತು," ಎಂದರು ಕೌನ್ಸೆಲರ್. "ಅದು ನಿಮಗೆ ಸಿಕ್ಕ ಸರ್ಟಿಫಿಕೇಟು. ಇಟ್ಕೊಳ್ಳಿ."

ಆ ಬಳಿಕ ಕೆಲಸ ನಾನು ಹೆದರಿದ್ದಕ್ಕಿಂತ ಬೇಗ ಸಾಗಿತು. ಬದಲಾವಣೆ ಶಾಲೆಯಲ್ಲೇ ಆಗಬೇಕಾದರೆ ಅಪ್ಪನ ದಿನಗಳೂ ಶಾಲೆಯಿರುವ ದಿನಗಳ ನಡುವೆ ಬರಬೇಕು. ಸೋಮವಾರ ಮಧ್ಯಾಹ್ನ ಕರೆದೊಯ್ದು ಬುಧವಾರ ಬೆಳಿಗ್ಗೆ ಬಿಡಬಹುದಲ್ಲ ಎಂದರು ಕೌನ್ಸೆಲರ್.

"ನಂಗೆ ಮಂಗಳವಾರಾನಾ?" ಭಾವನ ಮುಖ ಸಣ್ಣದಾಯಿತು. "ಎಲ್ಲ ಅಪ್ಪಂದಿರಿಗೂ ಭಾನುವಾರ ಸಿಗುತ್ತೆ ಮೇಡಂ."

"ನಿಮ್ಮ ಬೇಕರಿಗೆ ರಜಾ ಯಾವತ್ತು?"

"...ಮಂಗಳವಾರ."

"ಶನಿವಾರ ಭಾನುವಾರ ಮಗು ಏನ್ ಮಾಡ್ತಿರುತ್ತೆ?"

"ಹಿಂದ್ಗಡೆ ಮೂಟೆ ಮೇಲೆ ಕೂತಿರ್ತಾಳೆ. ನಾನು ಒಲೆ ಹತ್ರ. ವಾರದ ವ್ಯಾಪಾರ ಎಲ್ಲ ಆವಾಗ್ಲೇ."

ಅಕ್ಕನಿಗೆ ಚುಚ್ಚಲು ಇದಕ್ಕಿಂತ ಒಳ್ಳೆಯ ಜಾಗ ಇನ್ನೆಲ್ಲೂ ಸಿಗುತ್ತಿರಲಿಲ್ಲ. ಅವಳು ಮಾತ್ರ ಮೇಜಿನಂಚನ್ನು ಗಾಜು ಉಜ್ಜಿದಂತೆ ಬೆರಳಲ್ಲಿ ಉಜ್ಜುತ್ತ ಹೇಳಿದಳು: "ಭಾನುವಾರಾನೂ ತಿಂಗಳಿಗೊಂದು ಇರ್ಲಿ ಮೇಡಂ. ಬ್ರೆಡ್ ಉಬ್ಬೋದನ್ನ ನೋಡೋದು ಅಂದ್ರೆ ಅವಳಿಗೆ ಪ್ರಾಣ. ಶುಕ್ರವಾರ ಸ್ಕೂಲಿಂದ ಇವ್ರೇ ಕರ್ಕೊಂಡು ಹೋಗಿ, ಸೋಮವಾರ ಸ್ಕೂಲಿಗೆ ಬಿಡ್ಲಿ."

ಭಾವ ತಲೆಯೆತ್ತಿದ. "ಬುಧವಾರ ಬೆಳಗಿನ ಪಾಳಿ ಬಿಡಿಸ್ಕೋತೀನಿ. ನಾನೇ ಬಿಡ್ತೀನಿ ಅವಳನ್ನ," ಎಂದ. ನಂತರ ಅಕ್ಕನಿಗೆ, ಬಹಳ ತಿಂಗಳ ಮೇಲೆ ಮೊದಲ ಸಲ ನೇರವಾಗಿ, "ಥ್ಯಾಂಕ್ಸ್," ಎಂದ. ಅಕ್ಕ ತಲೆಯಾಡಿಸಿದಳು. ಎರಡೂ ಅರ್ಜಿ ಹಿಂತೆಗೆದುಕೊಳ್ಳುವುದೆಂದಾಯಿತು. ಒಪ್ಪಿಗೆಯನ್ನು ಬರೆದು ನ್ಯಾಯಾಧೀಶರ ಮುಂದಿಡುತ್ತೇನೆ, ಇಬ್ಬರೂ ಒಪ್ಪಿದ್ದಕ್ಕೆ ಅವರು ಬೇಡವೆನ್ನಲು ಕಾರಣವಿಲ್ಲ ಎಂದರು ಕೌನ್ಸೆಲರ್. ಕೋಣೆಯಲ್ಲಿ ಬಿಗಿಯಾದ ಕಾಲರಿನ ಗುಂಡಿ ಬಿಚ್ಚಿದಂತಾಯಿತು. ನನಗೂ ಅಷ್ಟೇ. ಬಟಾಣಿ ಇನ್ನು ಮೇಲೆ ಯಾರೆದುರೂ ಬಗ್ಗಿ ನಿಲ್ಲಬೇಕಿಲ್ಲ. ಆ ನೆಮ್ಮದಿ ಎಷ್ಟು ದೊಡ್ಡದಿತ್ತೆಂದರೆ, ಅದರ ಮೂಲೆಯಲ್ಲಿದ್ದ ನನ್ನ ಸಣ್ಣ ಸಂಕಟ ಮೊದಲು ನನಗೇ ಕಾಣಲಿಲ್ಲ.

"ಪಾಪ, ಇವಳಿಗೂ ಬಿಡುಗಡೆ," ಎಂದಳು ಅಕ್ಕ ನನ್ನ ಭುಜ ತಟ್ಟಿ. "ಪ್ರತಿ ಶುಕ್ರವಾರ, ಪ್ರತಿ ಭಾನುವಾರ ನಮ್ಮಿಬ್ಬರ ಗೋಳು."

"ಹೌದಮ್ಮ, ನಿನಗೆ ತುಂಬಾ ತೊಂದ್ರೆ ಕೊಟ್ವಿ," ಎಂದ ಭಾವ.

ಎಲ್ಲರೂ ಎದ್ದರು. ಕುರ್ಚಿಗಳು ಸದ್ದು ಮಾಡಿದವು. ಕೌನ್ಸೆಲರ್ ಪೆನ್ನಿಗೆ ಮುಚ್ಚಳ ಹಾಕುತ್ತ, ಎಲ್ಲರನ್ನೂ ಕೇಳುವ ಹಾಗೆಯೇ ಕೇಳಿದರು, "ಇನ್ನೇನಾದ್ರೂ ಹೇಳೋದಿದೆಯಾ?"

ಅಕ್ಕ ಇಲ್ಲವೆಂದಳು, ಭಾವ ಇಲ್ಲವೆಂದ. ಇಲ್ಲವೆಂದು ನನ್ನ ತಲೆಯೂ ಅಭ್ಯಾಸಬಲದಿಂದ ಆಡಲು ಹೊರಟಿತ್ತು. ಮೂಲೆಯ ಕೆಂಪು ಕುರ್ಚಿ ಕಂಡಿತು. ನಾನು ನಿಂತಲ್ಲೇ ಮೇಜಿನಂಚು ಹಿಡಿದುಕೊಂಡೆ.

"ನಂಗೂ ಒಂದು ದಿನ ಬೇಕು," ಎಂದೆ. "ಅವಳನ್ನ ಯಾರ ಕೈಗೂ ಒಪ್ಪಿಸೋದಕ್ಕಲ್ಲ. ಸುಮ್ನೆ. ನನ್ನ ಜೊತೆ ಇರೋದಕ್ಕೆ."