ಮಣ್ಣಜ್ಜನ ಆರುನೂರು

ಇದು ನಡೆದ ಸಂಗತಿ. ಅನುಮಾನವಿದ್ದವರು ಜಿಯಾಯಿ ಊರಿನ ಹಳೇ ಮಾರುಕಟ್ಟೆಯ ಹಿಂದಿನ ಬೀದಿಗೆ ಹೋಗಿ, ಟರ್ಕಿ ಕೋಳಿ ಅನ್ನದ ಅಂಗಡಿಯೊಡತಿ ಸುಚಿನ್ ಅವರನ್ನೇ ಕೇಳಬಹುದು. ಆದರೆ ಅವರು ಹೇಳಿದರೆ ಕಥೆ ಇದರ ಎರಡರಷ್ಟಾಗುತ್ತದೆ, ನಡುವೆ ಒಂದು ಬಟ್ಟಲು ಅನ್ನವನ್ನೂ ತಿನ್ನಬೇಕಾಗುತ್ತದೆ. ಇಲ್ಲಿ ಕೇಳುವುದೇ ಅಗ್ಗ.

ಸುಚಿನ್ ಅವರ ತಂಗಿಯ ಮಗ ಕ್ವಾನ್‌ಟಿಂಗ್. ನಾಲ್ಕು ವರ್ಷದ ಕಾಮರ್ಸ್ ಪದವಿಯನ್ನು ಆರು ವರ್ಷ ಚಪ್ಪರಿಸಿ ಮುಗಿಸಿದವನು. ಈಗ ಸೂಪರ್ ಮಾರ್ಕೆಟ್ಟಿನಲ್ಲಿ ಮೈಕು ಹಿಡಿದು ಮೊಟ್ಟೆ, ಸೋಪುಗಳ ರಿಯಾಯಿತಿ ಸಾರುವ ಕೆಲಸ. ಅವನ ಗಂಟಲಿನಲ್ಲಿ ಅರ್ಧ ಊರು ಬಾಡಿಗೆಗಿತ್ತು. ರೈಲು ನಿಲ್ದಾಣದ ಪ್ರಕಟಣೆಯ ಹೆಂಗಸು, ಮೂಗಿನಲ್ಲೇ ಮಾತಾಡುವ ಹಲ್ಲಿನ ಡಾಕ್ಟರು, ಎಲ್ಲರೂ ಕರೆದಾಗ ಬರುತ್ತಿದ್ದರು. ಒಮ್ಮೆ ಕಸದ ಲಾರಿಯ ರಾಗವನ್ನು ಬಾಯಲ್ಲೇ ನುಡಿಸಿ, ಇಡೀ ಓಣಿಯ ಜನ ಕಸದ ಚೀಲ ಹಿಡಿದು ಬೀದಿಗೆ ಬಂದು ನಿಲ್ಲುವಂತೆ ಮಾಡಿದ್ದ.

ಆ ಆಗಸ್ಟಿನಲ್ಲಿ ಮನೆಮಂದಿಯ ಬಾಯಲ್ಲೆಲ್ಲ ಇದ್ದದ್ದು ಒಂದೇ ಮಾತು: ಸುಚಿನ್ ಅವರ ಮಗಳು ಪೈಯುನ್‌ಳ ಇಂಗ್ಲೆಂಡ್ ಓದು. ಉತ್ತರ ಇಂಗ್ಲೆಂಡಿನ ಒಂದು ಊರಿನಲ್ಲಿ ಅವಳಿಗೆ ಎಂಬಿಎ ಸೀಟು ಸಿಕ್ಕಿತ್ತು. ಮೂರನೇ ಒಂದು ಪಾಲು ಶುಲ್ಕವನ್ನು ಕಾಲೇಜೇ ಬಿಟ್ಟುಕೊಟ್ಟಿತ್ತು. ಉಳಿದದ್ದಕ್ಕೆ ಅವಳ ಐದು ವರ್ಷದ ಉಳಿತಾಯ, ಅಪ್ಪ ಜಾಮೀನು ನಿಂತು ಕೊಡಿಸಿದ ಬ್ಯಾಂಕ್ ಸಾಲ, ನೆಂಟರಿಷ್ಟರು ಉಡುಗೊರೆಯ ಹಣವಿಟ್ಟು ಕೊಟ್ಟ ಕೆಂಪು ಲಕೋಟೆಗಳು. ಎಲ್ಲವೂ ಸೇರಿ ಅವಳ ಖಾತೆಯಲ್ಲಿ ಕೂತಿದ್ದವು. ಕೂತಿದ್ದವು ಎನ್ನುವುದೇ ಇಲ್ಲಿ ಮುಖ್ಯ. ವೀಸಾ ಬೇಕಾದರೆ ಆ ಹಣ ಸತತ ಇಪ್ಪತ್ತೆಂಟು ದಿನ ಅಲ್ಲಾಡದೆ ಕೂತಿರಬೇಕು. ನಿಗದಿಯ ಮೊತ್ತಕ್ಕಿಂತ ಒಂದೇ ಒಂದು ದಿನ ಕೆಳಗಿಳಿದರೂ ಎಣಿಕೆ ಮತ್ತೆ ಒಂದರಿಂದ ಶುರು. ಪೈಯುನ್‌ಳಿಗೆ ಮತ್ತೆ ಇಪ್ಪತ್ತೆಂಟು ದಿನ ಕಾಯುವಷ್ಟು ಪುರಸೊತ್ತಿರಲಿಲ್ಲ. ತಡವಾದರೆ ಸೀಟೂ ಇಲ್ಲ, ರಿಯಾಯಿತಿಯೂ ಇಲ್ಲ. ಸಾಲದ್ದಕ್ಕೆ ಇಂಗ್ಲೆಂಡಿನ ಪೌಂಡು ಏರಿ ಏರಿ, ನಿಗದಿಯ ಮೊತ್ತದ ಮೇಲೆ ಖಾತೆಯಲ್ಲಿ ಉಳಿದದ್ದು ಬರೀ ಒಂಬೈನೂರು ಯುವಾನ್.

ಆ ಒಂಬೈನೂರರಲ್ಲಿ ಆರುನೂರು ಮಣ್ಣಜ್ಜನದು.

ಮಣ್ಣಜ್ಜ ಎಂದರೆ ಊರಾಚೆಯ ಗುಡಿಯಲ್ಲಿ ಬಿಳಿಗಡ್ಡ ಬಿಟ್ಟುಕೊಂಡು ನಗುತ್ತ ಕೂತಿರುವ ನೆಲದ ದೇವರು. ದುಡ್ಡಿನ ಕೆಲಸಕ್ಕೆ ಕೈ ಹಾಕುವವರು ಮೊದಲು ಅವನ ಹತ್ತಿರ ಸಾಲ ಎತ್ತುವುದು ವಾಡಿಕೆ. ಒಂದು ಮಗ್ಗುಲು ಚಪ್ಪಟೆ, ಇನ್ನೊಂದು ಮಗ್ಗುಲು ಉಬ್ಬಿದ, ಚಂದ್ರನ ಹೋಳಿನಂಥ ಎರಡು ಮರದ ತುಂಡುಗಳನ್ನು ಎಸೆದು ಕೇಳಬೇಕು. ಒಂದು ಮೇಲ್ಮುಖ, ಒಂದು ಕೆಳಮುಖ ಬಿದ್ದರೆ ಅಜ್ಜ ಹೂಂ ಅಂದ ಹಾಗೆ. ಮೊದಲ ಎಸೆತಕ್ಕೇ ಹೂಂ ಅಂದರೆ ಆರುನೂರು. ಅದನ್ನು ಖಾತೆಗೆ ಹಾಕಿದರೆ ತಾಯಿಹಣದ ಹಾಗೆ ಮರಿ ಹಾಕುತ್ತದೆ ಎಂದು ನಂಬಿಕೆ. ಸುಚಿನ್ ಮೊದಲ ಎಸೆತಕ್ಕೇ ಗೆದ್ದು, ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಹೇಳಿಕೊಂಡಿದ್ದರು.

ಇಪ್ಪತ್ತಾರನೆಯ ದಿನ ಬೆಳಿಗ್ಗೆ, ಅಂಗಡಿಯ ಎದುರಿನ ಚಹಾದಂಗಡಿಯಲ್ಲಿ ಕ್ವಾನ್‌ಟಿಂಗ್ ಮತ್ತು ಪೈಯುನ್ ಕೂತಿದ್ದರು. ಕ್ವಾನ್‌ಟಿಂಗನಿಗೆ ದೊಡ್ಡಮ್ಮನ ಮೇಲೆ ತೀರಿಸುವ ಒಂದು ಬಾಕಿ ಇತ್ತು. ಹಿಂದಿನ ಭಾನುವಾರ ಇಪ್ಪತ್ತು ಜನರ ಊಟದ ನಡುವೆ ಆಕೆ ಅವನಿಗೆ, “ಮೊಟ್ಟೆ ಮೊಟ್ಟೆ ಅಂತ ಕೂಗ್ತಾ ಇದ್ರೆ ಯಾವ ಹುಡುಗಿ ಬರ್ತಾಳಪ್ಪಾ, ಕೋಳಿನೇ ಬರೋದು” ಅಂದಿದ್ದರು.

“ವೀಸಾ ಕಚೇರಿಯಿಂದ ಫೋನ್ ಬರಬಹುದು ಅಂತ ಅಮ್ಮಂಗೆ ಹೇಳಿಟ್ಟಿದೀನಿ” ಎಂದಳು ಪೈಯುನ್. “ಅವಳು ಮೂರು ದಿನದಿಂದ ಫೋನು ಸೊಂಟಕ್ಕೇ ಕಟ್ಕೊಂಡಿದಾಳೆ.”

“ಹಂಗಾದ್ರೆ ಪಾಪ, ಯಾಕೆ ಕಾಯಿಸೋದು” ಎಂದು ಕ್ವಾನ್‌ಟಿಂಗ್ ನಂಬರು ಕಾಣದ ಹಾಗೆ ಮಾಡಿ, ಸ್ಪೀಕರ್ ಹಾಕಿ, ಫೋನು ಹಚ್ಚಿದ.

“ಟರ್ಕಿ ಅನ್ನ. ಎಷ್ಟು ಪಾರ್ಸಲ್ಲು?”

“ಶುಭ ಮುಂಜಾನೆ. ನಾನು ವೀಸಾ ಕಚೇರಿಯಿಂದ ಮಾತನಾಡುತ್ತಾನೆ. ನನ್ನ ಹೆಸರು ವಿಲ್ಕಿನ್ಸ್. ಪೈಯುನ್ ಅವರ ತಾಯಿ ನೀವು ಇದ್ದೀರಾ?”

ಗಾಜಿನಾಚೆ ಸುಚಿನ್ ಸೌಟು ಕೆಳಗಿಟ್ಟರು. ಏಪ್ರನ್ನಿಗೆ ಕೈ ಒರೆಸಿದರು. ಕೂದಲು ಸರಿಮಾಡಿಕೊಂಡು, ಶಾಲೆಯಲ್ಲಿ ಹಾಜರಿ ಕೂಗಿದಾಗ ನಿಲ್ಲುವ ಹಾಗೆ ನೆಟ್ಟಗೆ ನಿಂತರು.

“ಇದೀನಿ ಸಾರ್. ನಿಂತೇ ಇದೀನಿ.”

ಪೈಯುನ್ ಚಹಾದ ಲೋಟಕ್ಕೆ ಮುಖವಿಟ್ಟು ನಗು ತಡೆದಳು.

“ನಿಮ್ಮ ಮಗಳ ಖಾತೆ ನಾನು ನೋಡಿತು. ಇಲ್ಲಿ ಆರುನೂರು ಯುವಾನ್ ಜಮಾ ಇದೆ. ಇದನ್ನು ಯಾರು ಕೊಟ್ಟಿತು?”

“ಅಜ್ಜ ಸಾರ್.”

“ಅಜ್ಜನ ಉದ್ಯೋಗ?”

“ಭೂಮಿ ನೋಡ್ಕೋತಾರೆ.”

“ಓ, ಜಮೀನುದಾರರು.”

“ಹಂಗೇ ಅನ್ನಿ. ಈ ಕಡೆ ಜಾಗ ಎಲ್ಲಾ ಅವರ ಕೈಯಲ್ಲೇ ಇರೋದು.”

“ತಿಂಗಳ ಸಂಬಳ?”

“ಸಂಬಳ ಅಂತ ಮುಟ್ಟಲ್ಲ ಸಾರ್. ಹಣ್ಣು, ಕಡಲೆಕಾಯಿ ಮಿಠಾಯಿ ಕೊಟ್ರೆ ತಗೋತಾರೆ.”

“ವಯಸ್ಸು?”

“ಲೆಕ್ಕ ಇಟ್ಟೋರಿಲ್ಲ. ಆದ್ರೆ ಗಟ್ಟಿಮುಟ್ಟಾಗಿದಾರೆ. ಹೋದ ವರ್ಷ ತಾನೇ ಬಣ್ಣ ಹೊಡೆಸಿದ್ವಿ.”

ಕ್ವಾನ್‌ಟಿಂಗ್ ಕೆನ್ನೆಯ ಒಳಗನ್ನು ಕಚ್ಚಿಕೊಂಡ. ವಿಲ್ಕಿನ್ಸ್ ಸಾಹೇಬರು ಗಂಟಲು ಸರಿಮಾಡಿಕೊಂಡರು. “ಮೇಡಂ, ಇದು ಸಾಲ ಇದೆಯಾ? ಯಾವಾಗ ತೀರುತ್ತದೆ?”

“ಅದರ ಯೋಚನೆ ನಿಮಗೆ ಬೇಡ ಸಾರ್” ಎಂದರು ಸುಚಿನ್, ಈಗ ಧೈರ್ಯ ಬಂದವರ ದನಿಯಲ್ಲಿ. “ಇವತ್ತೇ ತೀರಿಸ್ತಾ ಇದೀವಿ. ಪಂಚಾಂಗದಲ್ಲಿ ಸಾಲ ತೀರಿಸೋಕೆ ಇವತ್ತು ಬಿಟ್ರೆ ಈ ತಿಂಗಳು ಬೇರೆ ದಿನ ಇಲ್ಲ. ನಮ್ಮನೆಯವರು ಮಗಳ ಪಾಸ್‌ಬುಕ್ ತಗೊಂಡು ಬ್ಯಾಂಕಿಗೆ ಹೋಗಿದಾರೆ. ಅಸಲು ಆರುನೂರು, ಬಡ್ಡಿ ಆರುನೂರು. ದೇವರ ಸಾಲ ತಲೆ ಮೇಲಿಟ್ಕೊಂಡು ವೀಸಾ ಕೇಳೋ ಜನ ನಾವಲ್ಲ ಸಾರ್.”

ಪೈಯುನ್‌ಳ ನಗು ಅಲ್ಲೇ ನಿಂತಿತು. ಒಂಬೈನೂರರಲ್ಲಿ ಸಾವಿರದ ಇನ್ನೂರು ಹೋದರೆ ಮುನ್ನೂರು ಕಡಿಮೆ. ಆರು ಬಟ್ಟಲು ಅನ್ನದ ಬೆಲೆ. ಅಷ್ಟಕ್ಕೆ ಇಂಗ್ಲೆಂಡು ಹೋಯಿತು.

ವಿಲ್ಕಿನ್ಸ್ ಸಾಹೇಬರು ಅಲ್ಲಿಗೇ ತೀರಿಕೊಂಡರು. “ದೊಡ್ಡಮ್ಮ, ದೊಡ್ಡಪ್ಪ ಹೋಗಿ ಎಷ್ಟೊತ್ತಾಯ್ತು?”

“ಕಾಲುಗಂಟೆ ಆಯ್ತು ಸಾರ್.” ಆಮೇಲೆ ನಿಧಾನವಾಗಿ, “ಸಾರ್, ನೀವ್ಯಾಕೆ ನಂಗೆ ದೊಡ್ಡಮ್ಮ ಅಂತೀರಿ?”

ಅಷ್ಟರಲ್ಲಿ ಇಬ್ಬರೂ ಬೀದಿ ದಾಟಿ ಅಂಗಡಿಯೊಳಗಿದ್ದರು. ಪೈಯುನ್ ಅಪ್ಪನಿಗೆ ಫೋನು ಮಾಡಿದಳು. ಅದು ಅನ್ನದ ಪಾತ್ರೆಯ ಹಿಂದೆ ರಿಂಗಾಯಿತು. ಆ ಮನುಷ್ಯ ಫೋನು ಮರೆತು ಹೋಗಿದ್ದರು.

ಪೈಯುನ್ ತನ್ನ ಸ್ಕೂಟರ್ ಹತ್ತಿ ಮುಂದೆ ಹೋದಳು. ಕ್ವಾನ್‌ಟಿಂಗ್ ತನ್ನ ಸ್ಕೂಟರಿನಲ್ಲಿ ಹಿಂದೆ, ಅವನ ಬೆನ್ನಿಗೆ ದೊಡ್ಡಮ್ಮ, ದೊಡ್ಡಮ್ಮನ ಕೈಯಲ್ಲಿ ಸೌಟು.

“ದುಡ್ಡು ಮುಟ್ಟಬೇಡ ಅಂತ ಪೈಯುನ್ ಅಕ್ಕ ಹೇಳಿರ್ಲಿಲ್ವಾ?” ಎಂದು ಅವನು ಗಾಳಿಗೆ ಎದುರಾಗಿ ಕೇಳಿದ.

“ಅವಳ ದುಡ್ಡು ಮುಟ್ಟಬೇಡ ಅಂದಿದ್ದು. ನಾನು ಮುಟ್ಟಿಲ್ಲ. ಮಣ್ಣಜ್ಜನ ದುಡ್ಡು ಮಣ್ಣಜ್ಜಂದು.”

“ಗಲ್ಲಾದಿಂದ ತೆಗೆದು ಕೊಡಬಹುದಿತ್ತಲ್ಲ ದೊಡ್ಡಮ್ಮ.”

“ಎಲ್ಲಿ ಮರಿ ಹಾಕ್ತೋ ಅಲ್ಲಿಂದಲೇ ತೆಗೀಬೇಕು ಕಣೋ. ಯಾವುದೋ ಕೊಟ್ಟಿಗೆಯ ಕರು ಹಿಡ್ಕೊಂಡು ಹೋದ್ರೆ ಅಜ್ಜಂಗೆ ಗೊತ್ತಾಗಲ್ವಾ?” ಎರಡು ಸಿಗ್ನಲ್ ಕಳೆದ ಮೇಲೆ ಆಕೆಯ ದನಿ ಕುಗ್ಗಿತು. “ಮುನ್ನೂರಕ್ಕೆ ನಿಜವಾಗ್ಲೂ ಹಂಗೆಲ್ಲಾ ಆಗುತ್ತಾ?”

“ಆಗುತ್ತೆ.”

ಸೌಟು ಅವನ ಭುಜವನ್ನು ಗಟ್ಟಿಯಾಗಿ ಒತ್ತಿತು. “ಮತ್ತೆ ಎತ್ತಿನಗಾಡಿ ಥರ ಯಾಕೆ ಓಡಿಸ್ತೀಯಾ?”

ಬ್ಯಾಂಕಿನ ಮೂರನೇ ಕೌಂಟರಿನ ಮುಂದೆ ದೊಡ್ಡಪ್ಪ ಚೆಂಗ್‌ವೆನ್ ನಿರಾತಂಕವಾಗಿ ಕೂತಿದ್ದರು. ಅಲ್ಲಿ ಹಣ ತೆಗೆಯಲು ಸಹಿ ಸಾಲದು, ಖಾತೆಯವರ ಹೆಸರನ್ನು ಸುಲಭಕ್ಕೆ ಓದಲಾಗದ ಹಳೇ ಲಿಪಿಯಲ್ಲಿ ಕೆತ್ತಿದ ಮೊಹರು ಒತ್ತಬೇಕು. ಪೈಯುನ್‌ಳದು ಯಾವುದೆಂದು ತಿಳಿಯದೆ ಅವರು ಮನೆಯ ಮೊಹರುಗಳನ್ನೆಲ್ಲ ಬಟ್ಟೆಯ ಚೀಲದಲ್ಲಿ ತುಂಬಿ ತಂದಿದ್ದರು. ಅಂಗಡಿಯದು, ತಮ್ಮದು, ತೀರಿಹೋದ ಅಪ್ಪನದು, ಹೆಂಡತಿಯದು. ಒಂದೊಂದಾಗಿ ಕೆಂಪು ಮಸಿಗೆ ಅದ್ದಿ ಒತ್ತುತ್ತಿದ್ದರು. ಕೌಂಟರಿನ ಹುಡುಗಿ ಒಂದೊಂದನ್ನೂ ನೋಡಿ, “ಇದೂ ಅಲ್ಲ ಅಂಕಲ್” ಎಂದು ಹೊಸ ಚೀಟಿ ಕೊಡುತ್ತಿದ್ದಳು. ಪೈಯುನ್ ಬಾಗಿಲು ತಳ್ಳಿದಾಗ ಆರನೆಯ ಮೊಹರು ಮಸಿ ಕುಡಿದು ಚೀಟಿಯ ಮೇಲೆ ಇಳಿಯುತ್ತಿತ್ತು.

“ಅಪ್ಪಾ, ಒತ್ತಬೇಡ.”

ಚೆಂಗ್‌ವೆನ್ ಕೈ ಎತ್ತಿ ಹಾಗೇ ನಿಲ್ಲಿಸಿದರು. ಹಿಂದೆ ಏಪ್ರನ್ನು, ಸೌಟು ಸಮೇತ ಬಂದ ಹೆಂಡತಿಯನ್ನು ನೋಡಿ, “ಅಂಗಡೀಲಿ ಯಾರಿದಾರೆ?” ಎಂದರು.

“ಯಾರೂ ಇಲ್ಲ. ಮುಚ್ಚು ಆ ಚೀಲ.”

ಪೈಯುನ್ ಪಾಸ್‌ಬುಕ್ ಕಸಿದು ಯಂತ್ರಕ್ಕೆ ಕೊಟ್ಟಳು. ಅದು ಕರಕರ ಎಂದು ಕೊನೆಯ ಸಾಲನ್ನು ಒತ್ತಿ ಹೊರಗೆ ತಳ್ಳಿತು. ಒಂದು ಬಿಡಿಕಾಸೂ ಅಲ್ಲಾಡಿರಲಿಲ್ಲ. ಅವಳು ಬೆಂಚಿನ ಮೇಲೆ ಕುಸಿದು, ಪುಸ್ತಕವನ್ನು ಎದೆಗೊತ್ತಿಕೊಂಡು, ಈಜಿ ದಡ ಸೇರಿದವರ ಹಾಗೆ ಉಸಿರು ಬಿಟ್ಟಳು. ಕೌಂಟರಿನ ಹುಡುಗಿ ಚೆಂಗ್‌ವೆನ್ ಕೈಯಲ್ಲಿದ್ದ ಆರನೆಯ ಮೊಹರನ್ನು ತಿರುಗಿಸಿ ನೋಡಿ, “ಅಂಕಲ್, ಇದೇ ಇತ್ತು” ಎಂದಳು.

ಆಮೇಲೆ ಸುಚಿನ್ ನಿಧಾನವಾಗಿ ಕ್ವಾನ್‌ಟಿಂಗನ ಕಡೆ ತಿರುಗಿದರು. ಅವನು ಸೌಟಿನ ಏಟಿಗೆ ತಲೆ ತಗ್ಗಿಸಿ ಸಿದ್ಧನಾದ.

“ವಿಲ್ಕಿನ್ಸ್ ಸಾಹೇಬ್ರೇ” ಎಂದರು ಆಕೆ, ಅವನದೇ ದನಿಯನ್ನು ಮಾಡಿ. “ನಿಮ್ಮ ಉದ್ಯೋಗ?”

“ಮೊಟ್ಟೆ, ಸೋಪು, ದೊಡ್ಡಮ್ಮ.”

“ಇನ್ನು ಮೇಲೆ ದಿನಾ ಫೋನ್ ಮಾಡಿ. ಮಾತಾಡೋಕೆ ಒಳ್ಳೆ ಮನುಷ್ಯ ನೀವು.”

ಆದರೂ ಆಕೆಯ ಮುಖದಲ್ಲಿ ಒಂದು ಅಳುಕು ಉಳಿದಿತ್ತು. ಒಳ್ಳೆಯ ದಿನ ಕೈತಪ್ಪಿತ್ತು, ದೇವರಿಗೆ ಕೊಟ್ಟ ಮಾತು ನಿಂತುಹೋಗಿತ್ತು. ಆದ್ದರಿಂದ ನಾಲ್ವರೂ ಬ್ಯಾಂಕಿನಿಂದ ಸೀದಾ ಗುಡಿಗೆ ಹೋದರು. ಸುಚಿನ್ ಊದುಬತ್ತಿ ಹಚ್ಚಿ, ಮಂಡಿಯೂರಿ, ಮರದ ತುಂಡುಗಳನ್ನು ಎರಡೂ ಕೈಯಲ್ಲಿ ಹಿಡಿದರು.

“ಅಜ್ಜಾ, ಇನ್ನು ಎರಡೇ ದಿನ. ಇಪ್ಪತ್ತೊಂಬತ್ತನೇ ದಿನ ಅವಳ ಅರ್ಜಿ ಹೋದ ಮೇಲೆ ನಾನೇ ತಂದುಕೊಡ್ತೀನಿ, ಅದೇ ಪುಸ್ತಕದಿಂದ. ಪಂಚಾಂಗ ನೋಡಲ್ಲ. ಆಗ್ಬಹುದಾ?”

ತುಂಡುಗಳು ಟಕಟಕ ಬಿದ್ದವು. ಒಂದು ಮೇಲೆ, ಒಂದು ಕೆಳಗೆ. ಹೂಂ. ಪೈಯುನ್ ಅಪ್ಪನ ತೋಳು ಹಿಡಿದುಕೊಂಡಳು. ಸುಚಿನ್ ಹಣೆಯನ್ನು ನೆಲಕ್ಕೆ ಮುಟ್ಟಿಸಿದರು. ಎದ್ದಾಗ ಆಕೆಯ ಹೆಗಲಿನ ಮೇಲಿಂದ ತಿಂಗಳ ಭಾರ ಇಳಿದದ್ದು ಎಲ್ಲರಿಗೂ ಕಾಣುವಂತಿತ್ತು.

ಇನ್ನೇನು ಹೊರಡಬೇಕು ಅನ್ನುವಷ್ಟರಲ್ಲಿ ಆಕೆ ಮತ್ತೆ ತುಂಡುಗಳನ್ನು ಕೈಗೆತ್ತಿಕೊಂಡರು.

“ಇನ್ನೊಂದು ಮಾತು ಅಜ್ಜಾ. ಈ ಕತ್ತೆ ಬಿಳಿ ಸಾಹೇಬನ ದನಿ ಮಾಡ್ಕೊಂಡು ನಿನ್ನ ಸಂಬಳ ಎಷ್ಟು ಅಂತ ಕೇಳಿದ. ನಾನು ಮಿಠಾಯಿ ಅಂದೆ. ತಪ್ಪಾಯ್ತಾ?”

ಎಸೆದರು. ಎರಡು ತುಂಡುಗಳೂ ಚಪ್ಪಟೆ ಹೊಟ್ಟೆ ಮೇಲೆ ಮಾಡಿ ಬಿದ್ದು, ಬೆನ್ನಿನ ಮೇಲೆ ತೂಗಾಡತೊಡಗಿದವು. ಹಾಗೆ ಬಿದ್ದರೆ ಹೂಂ ಅಲ್ಲ, ಊಹೂಂ ಅಲ್ಲ. ಅಜ್ಜ ನಗುತ್ತಿದ್ದಾನೆ ಎಂದು ಅರ್ಥ.

ಚೆಂಗ್‌ವೆನ್ ಮುಸಿಮುಸಿ ನಕ್ಕರು. ಪೈಯುನ್ ಕಣ್ಣೊರೆಸಿಕೊಂಡು ನಕ್ಕಳು. ಕ್ವಾನ್‌ಟಿಂಗ್ ತನ್ನ ಸ್ವಂತ ದನಿಯಲ್ಲೇ ನಕ್ಕ. ಸುಚಿನ್ ಮಾತ್ರ ಗುಡಿಯ ಹೊಸ್ತಿಲ ಮೇಲೆ ಕೂತು, ಸೌಟಿನಿಂದ ತೊಡೆ ತಟ್ಟಿಕೊಳ್ಳುತ್ತ, ಹೊರಗೆ ಹಣ್ಣು ಮಾರುತ್ತಿದ್ದ ಹೆಂಗಸು ಏನಾಯಿತೋ ಎಂದು ಎದ್ದು ಒಳಗೆ ಬರುವಷ್ಟು ಜೋರಾಗಿ ನಗುತ್ತಿದ್ದರು.