ನಗುವ ತನಕ ಏಳಬೇಡಿ

ಇಂಗ್ಲಿಷರ ನಾಡಿನ ಈ ಎಡ್ಜ್‌ವೇರ್ ರಸ್ತೆಯನ್ನು ರೋಮನ್ನರು ಹಾಕಿದ್ದಂತೆ. ಅದರ ಪಕ್ಕದ ಹಳೇ ಕಟ್ಟಡಗಳು ಈಗ ಸಿನಿಮಾದವರಿಗೆ ಬಾಡಿಗೆಗೆ ಸಿಗುತ್ತವೆ. ಕೊಲಿಂಡೇಲ್‌ನ ನಮ್ಮ ಫ್ಲಾಟಿನ ಹತ್ತಿರವೂ ಕುದುರೆಗಾಡಿಗಳ ಕಾಲದ ಒಂದು ಛತ್ರವಿದೆ. ಬೆಂಗಳೂರಿನ ತಂಡವೊಂದು ಅಲ್ಲಿ ಶೂಟಿಂಗಿಗೆ ಬಂದು, ಹೆಣವಾಗಿ ಮಲಗಲು ಒಬ್ಬ ಗಂಡಸು ಬೇಕೆಂದು ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಕೇಳಿತು. ಎಲ್ಲರಿಗಿಂತ ಮೊದಲು ಹೂಂ ಅಂದವರು ನಮ್ಮನೆಯವರು, ಸೂರಜ. ಈ ಮಹಾರಾಯರಿಗೆ ಬೇರೆ ಪಾತ್ರವೇ ಸಿಗಲಿಲ್ಲ!

ಹೆಣದ ಪಾತ್ರ ಮಾಡಿದವರು ಶಾಟ್ ಮುಗಿದ ಮೇಲೆ ಕ್ಯಾಮೆರಾ ನೋಡಿ ಒಮ್ಮೆ ನಗಬೇಕು. ಆಗಲೇ ಅಪಶಕುನ ಕಳೆಯುವುದು ಅನ್ನುವುದು ಸಿನಿಮಾದವರ ನಂಬಿಕೆ. ಛತ್ರದ ನೆಲಮಾಳಿಗೆಯಲ್ಲಿ ಶವಪೆಟ್ಟಿಗೆಯೊಳಗೆ ಮಲಗಿದ್ದ ನಮ್ಮನೆಯವರ ಕೈ ಹಿಡಿದುಕೊಂಡೆ.

"ಕ್ಯಾಮೆರಾ ನೋಡಿ ನಗೂತನಕ ಏಳಬ್ಯಾಡ್ರಿ. ಯಾರ್ ಕರದ್ರೂ ಏಳಬ್ಯಾಡ್ರಿ. ನನ್ನ ಮ್ಯಾಲ ಆಣಿ."

"ಆತಬಿಡ ಮಾರಾಯ್ತಿ, ಏಳಂಗಿಲ್ಲ."

ಪೆಟ್ಟಿಗೆ ಇಂಗ್ಲಿಷರದು, ಪದ್ಧತಿ ನಮ್ಮದು. ತಂಡದವರು ಅವರ ಮೂಗಿಗೂ ಕಿವಿಗೂ ಹತ್ತಿ ಇಟ್ಟು ನನ್ನನ್ನು ಹೊರಗೆ ಕಳಿಸಿದರು.

ಸ್ವಲ್ಪ ಹೊತ್ತಿಗೆ ಫೈರ್ ಅಲಾರ್ಮ್ ಕಿರುಚಿತು. ಎಲ್ಲರೂ ದಡಬಡ ಹೊರಗೆ ಓಡಿಬಂದರು. ಸೂರಜ ಬರಲಿಲ್ಲ. ಸಹಾಯಕ ನಿರ್ದೇಶಕ ಭಾರ್ಗವನ ತೋಳು ಹಿಡಿದು ಅವರೆಲ್ಲಿ ಎಂದು ಕೇಳಿದೆ.

"ಎಲ್ರೂ ಬನ್ನಿ ಅಂತ ಕೂಗಿದ್ವಲ್ಲ ಮೇಡಂ. ಇಲ್ಲೇ ಎಲ್ಲೋ ಇರ್ತಾರೆ."

"ಕಿವ್ಯಾಗ ಹತ್ತಿ ಇಟ್ಟೀರಲ್ರೀ!"

ಅವನ ಮುಖ ಬಿಳಿಚಿಕೊಂಡಿತು. "ಹೊಗೆ ನಮ್ಮ ಶೂಟಿಂಗಿನ ಹೊಗೆ ಮಷಿನ್‌ದೇ ಇರಬೇಕು ಮೇಡಂ..."

ಇರಬೇಕಂತೆ! ನೆಲಮಾಳಿಗೆಯ ಕಿಂಡಿಯಿಂದ ಬರುತ್ತಿದ್ದ ಹೊಗೆಯಲ್ಲಿ ಸುಟ್ಟ ವೈರಿನ ವಾಸನೆಯಿತ್ತು. ಯಾರೂ ಒಳಗೆ ಹೋಗುವಂತಿಲ್ಲ ಎಂದು ಕಾವಲುಗಾರ ಅಡ್ಡ ನಿಂತ. ಅವನನ್ನು ತಳ್ಳಿ ಓಡಿದೆ.

ಒಳಗೆ ಕರೆಂಟ್ ಹೋಗಿತ್ತು. ಗೋಡೆ ಸವರುತ್ತಾ ಮೆಟ್ಟಿಲಿಳಿದೆ. ಅರ್ಧದಲ್ಲಿ ಕುಳಿತೇಬಿಟ್ಟೆ. ವಾಪಸು ಹೋಗಿಬಿಡೋಣ ಅನ್ನಿಸುವಷ್ಟು ಹೆದರಿಕೆ. ಕುಳಿತಲ್ಲಿಂದಲೇ ತೆವಳುತ್ತಾ ಕೆಳಗಿಳಿದು ಪೆಟ್ಟಿಗೆ ಮುಟ್ಟಿದೆ. ಕೈಗೆ ಸಿಕ್ಕ ಕೆನ್ನೆ ತಣ್ಣಗಿತ್ತು.

ಕಿವಿಯ ಹತ್ತಿ ಕಿತ್ತು, "ಏಳ್ರೀ! ಏಳ್ರೀ!" ಎಂದು ಕಿರುಚಿದೆ. ಅಲುಗಲಿಲ್ಲ. ಸತ್ತೇಹೋದರು ಅಂದುಕೊಂಡೆ. ಆಗ ನಾನೇ ಹಾಕಿದ ಆಣೆ ನೆನಪಾಯಿತು. ಗಾಬರಿಯಲ್ಲಿ ಮರೆತೇಹೋಗಿದ್ದ ಫೋನಿನ ಟಾರ್ಚನ್ನು ಮುಖಕ್ಕೆ ಹಿಡಿದೆ.

"ಕ್ಯಾಮೆರಾ ಬಂದೈತ್ರೀ! ನಗ್ರೀ!"

ರೆಪ್ಪೆ ಅದುರಿತು. ತುಟಿ ಒಂದು ಪಕ್ಕಕ್ಕೆ ಎಳೆದುಕೊಂಡಿತು, ಅದನ್ನು ನಗು ಅನ್ನುವುದಾದರೆ ನಕ್ಕರು. ಆಮೇಲೆ ಕೆಮ್ಮು. ರಟ್ಟೆ ಹಿಡಿದು ಎಬ್ಬಿಸಿ, ಎಳೆದುಕೊಂಡೇ ಮೆಟ್ಟಿಲು ಹತ್ತಿಸಿದೆ.

ಬೀದಿಯಲ್ಲಿ ಕೂರಿಸಿ ಬಾಯಿಗೆ ಬಂದಂತೆ ಬೈದೆ. "ಹೊಗಿ ಬಂದಾಗರ ಏಳಬಾರ್ದೇನ್ರೀ?"

"ಮೊದ್ಲ ಸಿನಿಮಾದ ಹೊಗಿ ಅನ್ಕೊಂಡೆ," ಎಂದರು ಕೆಮ್ಮುತ್ತಾ. "ಆಮ್ಯಾಲ ಏಳಬೇಕಂದೆ. ನಿನ್ನ ಆಣಿ ಇತ್ತಲ್ಲ, ಎದ್ರ ನೀ ಸಾಯ್ತಿ ಅಂತ ಅಂಜಿಕಿ ಬಂತು."

"ಬಿಡ್ತು ಅನ್ರೀ," ಎಂದೆ. ಅಳು ತಡೆಯಲಾಗಲಿಲ್ಲ.

"ಬಿಡ್ತು," ಎಂದರು.